ಗಾಂಡೀವವು ಯಾರ ಸೊತ್ತು?

2024ರ ಜೂನ್ 27ರಂದು ಕನ್ನಡದ ಮಾತುಗಳೊಡನೆಯೂ ತೆರೆಕಂಡ ‘ಕಲ್ಕಿ 2898 ಎ.ಡಿ.’ ಚಿತ್ರದ ಕೊನೆಗೆ, ಲೋಕವನ್ನು ಹಿಂಡುವ ಯಾಸ್ಕಿನನು ಗಾಂಡೀವವನ್ನೆತ್ತುತ್ತಾನೆ. ಅರ್ಜುನನ ಬಿಲ್ಲು ಇಂಥವನ ಕೈಸೇರಿದ ಮೇಲೆ ಮುಂದೇನು? ಎರಡನೆಯ ಭಾಗಕ್ಕಾಗಿ ಕಾದಿರುವ ಅಭಿಮಾನಿಗಳ ಊಹೆಗಳಿಗೆ ಕೊನೆಯಿಲ್ಲ.

ದೀಪಿಕಾ ಪಡುಕೋಣೆಯವರು ಮುಂದಿನ ಭಾಗದಲ್ಲಿಲ್ಲವೆಂದು 2025ರ ಸೆಪ್ಟೆಂಬರಿನಲ್ಲಿ ನಿರ್ಮಾಪಕರು ಸಾರಿದಂದಿನಿಂದ, ಕಲ್ಕಿಯ ತಾಯಿಯ ಪಾತ್ರ ಯಾರಿಗೆಂಬ ಮಾತೇ ಮೇಲಾಯಿತು. ಆದರೆ ಹಾನಗಲ್ಲ ಸೀಮೆಯವರಿಗೆ ಬಿಲ್ಲಿನ ಪ್ರಶ್ನೆಯೇ ಹತ್ತಿರದ್ದು. ಶಾಸನಗಳ ಪಾನುಂಗಲ್ಲಾದ ಈ ಊರೇ ವಿರಾಟನಗರವೆಂಬುದು ಸ್ಥಳದ ಪ್ರತೀತಿ. ಪಾಂಡವರು ಅಜ್ಞಾತವಾಸಕ್ಕೆ ಮುನ್ನ ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿದ್ದು ಆ ನಗರದ ಹೊರಗೆ. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿಯೂ ವಿಜಯದಶಮಿಯಂದು ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನುವರಷ್ಟೆ!

ಮಹಾಭಾರತದಲ್ಲಿಯೇ ಊಹೆಗೊಂದು ದಾರಿಯಿದೆ. ಗಾಂಡೀವವು ಅರ್ಜುನನ ಸ್ವಂತದ್ದಲ್ಲ. ಖಾಂಡವದಹನದ ಕಾಲಕ್ಕೆ ಅಗ್ನಿಯು ವರುಣನಿಂದ ತರಿಸಿಕೊಟ್ಟದ್ದು. ಮಹಾಪ್ರಸ್ಥಾನದಲ್ಲಿ ಅರ್ಜುನನು ಅದನ್ನು ಮತ್ತೆ ನೀರಿಗೇ ಒಪ್ಪಿಸಿದನು. ಚಿತ್ರದ ಕಾಶಿಯಲ್ಲಾದರೋ ನೀರಿಗೇ ಬರ. ನೀರು ಬತ್ತಿದುದರಿಂದಲೇ ಬಿಲ್ಲು ಹೊರಬಿದ್ದಿರಬಾರದೇಕೆ?

ಹಾಗಿದ್ದಲ್ಲಿ, ಯಾಸ್ಕಿನನನ್ನು ಗೆದ್ದವನು ಬಿಲ್ಲನ್ನು ತಾನಿಟ್ಟುಕೊಂಡರೆ ಕಥೆ ಮುಗಿಯದು. ಅದು ವರುಣನಿಗೆ ಮರಳಬೇಕು; ಜೊತೆಗೆ ನೀರೂ ಲೋಕಕ್ಕೆ ಮರಳಬೇಕು. ನಿರ್ದೇಶಕ ನಾಗ್ ಅಶ್ವಿನ್ ಅವರ ಮನಸ್ಸಿನಲ್ಲಿರುವುದು ಬೇರೆಯೇ ಇದ್ದೀತು. ಆದರೂ ಮಳೆಗಾಗಿ ಮುಗಿಲು ನೋಡುವ ಈ ನಾಡಿನ ರೈತನಿಗೆ ಇದಕ್ಕಿಂತ ಒಪ್ಪುವ ಮುಕ್ತಾಯ ಮತ್ತೊಂದಿರಲಾರದು.