‘ಬೈಪಾರ್ಟಿಸನ್’ ಎಂಬ ಪದದ ಅರ್ಥವೂ ಪ್ರಯೋಗವೂ

ಅಮೇರಿಕಾ ದೇಶದ ರಾಜಕೀಯ ಸಮಾಚಾರಗಳನ್ನು ಓದುವಾಗ ‘ಬೈಪಾರ್ಟಿಸನ್’ ಎಂಬ ಮಾತು ನಮಗೆ ಪದೇ ಪದೇ ದೊರೆಯುವುದು. ಇದರ ಅರ್ಥವನ್ನು ಕೊಂಚ ವಿಚಾರಿಸುವೆವು.

‘ಬೈ’ ಎಂಬ ಲ್ಯಾಟಿನ್ ಪೂರ್ವಪದವು ಸಂಸ್ಕೃತದ ‘ದ್ವಿ’ ಶಬ್ದದ ಸೋದರಿಯು. ‘ಪಾರ್ಟಿ’ ಎಂಬುದರ ಮೂಲಾರ್ಥವು ಭಾಗವೆಂದು. ಪಕ್ಷವು ಎಷ್ಟು ದೊಡ್ಡದಾದರೂ ಜನಸಮುದಾಯದ ಒಂದು ಭಾಗವೇ ಹೊರತು ಇಡೀ ಜನವಲ್ಲವೆಂಬುದನ್ನು ಈ ಮೂಲವೇ ನೆನಪಿಗೆ ತರುವುದು. ಎದುರುಬದುರಾದ ಎರಡು ಪಕ್ಷಗಳವರು ತಮ್ಮ ತಮ್ಮ ಪಕ್ಷಗಳಲ್ಲಿದ್ದುಕೊಂಡೇ ಒಂದು ಕಾರ್ಯಕ್ಕಾಗಿ ಕೂಡಿದರೆ ಆ ಕಾರ್ಯವು ‘ಬೈಪಾರ್ಟಿಸನ್’ ಎನಿಸುವುದು. ಆದುದರಿಂದ ಪಕ್ಷವನ್ನು ತೊರೆದು ಬಂದವನ ನಡತೆಗೆ ಈ ಮಾತು ಸಲ್ಲದು. ಯಾವ ಪಕ್ಷಕ್ಕೂ ಸೇರದ ನ್ಯಾಯಾಧಿಪತಿಯ ತೀರ್ಪಿಗೂ ಸಲ್ಲದು, ಅದು ನಿಷ್ಪಕ್ಷಪಾತವು. ಕನ್ನಡದಲ್ಲಿ ‘ದ್ವಿಪಕ್ಷೀಯ’ ಎಂದೊಡನೆ ಎರಡು ರಾಷ್ಟ್ರಗಳ ಒಪ್ಪಂದವು ಮನಸ್ಸಿಗೆ ಬರುವುದರಿಂದ ‘ಉಭಯಪಕ್ಷ ಸಹಕಾರ’ವೆನ್ನುವುದೇ ಮೇಲೆಂದು ನಮಗೆ ತೋರುವುದು.

ಒಂದು ಉದಾಹರಣೆಯನ್ನು ನೋಡೋಣ. 1964ರಲ್ಲಿ ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಯು ಅಮೇರಿಕಾದ ಸೆನೆಟ್ ಸಭೆಯ ಮುಂದಿದ್ದಿತು. ಅಧ್ಯಕ್ಷ ಜಾನ್ಸನ್ನರ ಡೆಮೊಕ್ರಾಟಿಕ್ ಪಕ್ಷದವರೇ ಆದ ದಕ್ಷಿಣ ರಾಜ್ಯಗಳ ಸದಸ್ಯರು ಭಾಷಣಗಳನ್ನು ವಾರಗಟ್ಟಲೆ ಬೆಳೆಯಿಸಿ ಮಸೂದೆಯನ್ನು ತಡೆದರು. ಚರ್ಚೆಯನ್ನು ಮುಗಿಸಲು ಮೂರರಲ್ಲಿ ಎರಡು ಪಾಲು ಮತಗಳು ಬೇಕಾಗಿದ್ದವು. ಆಗ ರಿಪಬ್ಲಿಕನ್ ಪಕ್ಷದ ನಾಯಕ ಎವರೆಟ್ ಡರ್ಕ್ಸನ್ನರು ತಮ್ಮವರನ್ನು ಒಡಂಬಡಿಸಿದರು. ಜೂನ್ 10ರಂದು 44 ಮಂದಿ ಡೆಮೊಕ್ರಾಟರೂ 27 ಮಂದಿ ರಿಪಬ್ಲಿಕನ್ನರೂ ಕೂಡಿ ಆ ಅಡ್ಡಿಯನ್ನು ನಿವಾರಿಸಿದರು. ಯಾವ ಪಕ್ಷವೂ ಒಂಟಿಯಾಗಿ ಮಾಡಲಾರದ ಕಾರ್ಯವು ಹೀಗೆ ಕೈಗೂಡಿತು.

ಆದರೆ ಅದೇ ವರ್ಷ ಆಗಸ್ಟ್ 7ರಂದು ವಿಯೆಟ್ನಾಮಿನಲ್ಲಿ ಸೇನಾಬಲವನ್ನು ಬಳಸಲು ಅಧ್ಯಕ್ಷರಿಗೆ ವಿಶಾಲವಾದ ಅಧಿಕಾರವನ್ನು ಕೊಡುವ ನಿರ್ಣಯಕ್ಕೂ ಎರಡು ಪಕ್ಷಗಳವರು ಒಂದಾದರು. ಸೆನೆಟ್ಟಿನಲ್ಲಿ ಪರವಾಗಿ 88, ವಿರುದ್ಧವಾಗಿ ಎರಡೇ ಮತಗಳು. ಪ್ರತಿನಿಧಿಸಭೆಯಲ್ಲಿ ವಿರೋಧವೇ ಇಲ್ಲ. ಅಮೇರಿಕಾದ ಹಡಗುಗಳ ಮೇಲೆ ಎರಡು ಸಾರಿ ದಾಳಿಯಾಯಿತೆಂಬ ವರದಿಯು ಅದಕ್ಕೆ ಕಾರಣವಾಗಿತ್ತು. ಎರಡನೆಯ ದಾಳಿಯು ನಡೆದೇ ಇರಲಿಲ್ಲವೆಂಬುದು ಬಳಿಕ ತಿಳಿಯಿತು. ಆ ಯುದ್ಧದಲ್ಲಿ 58,000ಕ್ಕೂ ಮಿಕ್ಕಿ ಅಮೇರಿಕನ್ನರೂ ಲಕ್ಷಾಂತರ ವಿಯೆಟ್ನಾಮೀಯರೂ ಮಡಿದರು. 1971ರಲ್ಲಿ ನಿರ್ಣಯವು ರದ್ದಾಯಿತು.

ಯಾರು ಯಾರು ಕೂಡಿದರೆಂಬುದನ್ನು ಮಾತ್ರ ಈ ಪದವು ಹೇಳುವುದು. ಕೂಡಿ ಮಾಡಿದ್ದು ಒಳಿತೋ ಕೆಡುಕೋ ಎಂಬುದನ್ನು ಹೇಳದು. ಆದುದರಿಂದ ನಮ್ಮ ವಿದ್ಯಾರ್ಥಿನಿಯರು ಪತ್ರಿಕೆಗಳಲ್ಲಿ ಈ ಮಾತನ್ನು ಕಂಡಾಗ, ಆ ಇಬ್ಬರೂ ಯಾತಕ್ಕಾಗಿ ಕೂಡಿದರು, ಬೇಡವೆಂದವರು ಏನು ಹೇಳಿದರು ಎಂದು ಕೇಳಿಕೊಂಡು ಮುಂದಕ್ಕೆ ಓದಬೇಕೆಂದು ನಾವು ಹಾರೈಸುತ್ತೇವೆ.