ಗರ್ಭಕಂಠದ ಕ್ಯಾನ್ಸರ್ ತಪಾಸಣೆ

ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಎಂದರೆ ರೋಗಲಕ್ಷಣಗಳಿಲ್ಲದ ಮಹಿಳೆಯರಲ್ಲಿ ಗರ್ಭಕೋಶದ ಬಾಯಿಯ ಜೀವಕೋಶಗಳು ಕ್ಯಾನ್ಸರ್ ಆಗುವ ಮುನ್ನ ಹೊಂದುವ ಬದಲಾವಣೆಯನ್ನು ಗುರುತಿಸುವ ಪರೀಕ್ಷೆ. ಪ್ಯಾಪ್ ಪರೀಕ್ಷೆ, ಅಸಿಟಿಕ್ ಆಮ್ಲ ಪರೀಕ್ಷೆ ಮತ್ತು ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಇದರ ಮುಖ್ಯ ವಿಧಾನಗಳು. ಇವುಗಳ ಪರಿಣಾಮವು ಪರೀಕ್ಷೆಯ ನಿಖರತೆಯಷ್ಟೇ, ಮಹಿಳೆ ಎಷ್ಟು ಬಾರಿ ಆಸ್ಪತ್ರೆಗೆ ಬರಬೇಕಾಗುತ್ತದೆ ಎಂಬುದನ್ನೂ ಅವಲಂಬಿಸಿದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಯಂತಹ ಮಲೆನಾಡಿನ ತಾಲೂಕುಗಳಲ್ಲಿ ಈ ಎರಡನೆಯ ಅಂಶಕ್ಕೆ ಹೆಚ್ಚಿನ ಮಹತ್ವವಿದೆ.

ಹಿನ್ನೆಲೆ

ಈ ಕ್ಯಾನ್ಸರಿಗೆ ಬಹುತೇಕ ಎಲ್ಲ ಪ್ರಕರಣಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ವೈರಸ್‌ನ 16 ಮತ್ತು 18ನೇ ಬಗೆಗಳೇ ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಮೂಲ. ಸೋಂಕು ಹೆಚ್ಚಿನವರಲ್ಲಿ ತಾನಾಗಿಯೇ ಮಾಯವಾಗುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ತಪಾಸಣೆಗೆ ಅವಕಾಶ ದೊರೆಯುವುದು ಈ ದೀರ್ಘ ಅವಧಿಯಲ್ಲಿಯೇ. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ಪ್ರಕರಣಗಳೂ 80 ಸಾವಿರದಷ್ಟು ಸಾವುಗಳೂ ಸಂಭವಿಸುತ್ತವೆ.

ವಿಧಾನಗಳು

ಜಾರ್ಜ್ ಪಪಾನಿಕೊಲಾವು ಅವರ ಹೆಸರಿನ ಪ್ಯಾಪ್ ಪರೀಕ್ಷೆಯಲ್ಲಿ ಗರ್ಭಕಂಠದಿಂದ ಕೆರೆದು ತೆಗೆದ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಇದಕ್ಕೆ ಪ್ರಯೋಗಾಲಯ ಮತ್ತು ತರಬೇತಿ ಪಡೆದ ತಜ್ಞರು ಬೇಕು. ಒಂದು ಬಾರಿಯ ಪರೀಕ್ಷೆಯಲ್ಲಿ ದೋಷ ತಪ್ಪಿಹೋಗುವ ಸಂಭವವಿರುವುದರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಪುನರಾವರ್ತಿಸಲಾಗುತ್ತದೆ.

ಅಸಿಟಿಕ್ ಆಮ್ಲ ಪರೀಕ್ಷೆ ಅತ್ಯಂತ ಸರಳವಾದುದು. ವಿನೆಗರ್‌ನಲ್ಲಿರುವ ಆಮ್ಲದ ಶೇ. 3–5ರ ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷ ಕಾದು, ಬರಿಗಣ್ಣಿನಿಂದ ನೋಡಲಾಗುತ್ತದೆ. ಬದಲಾದ ಭಾಗವು ದಟ್ಟ ಬಿಳಿಯಾಗಿ ಕಾಣುತ್ತದೆ. ತರಬೇತಿ ಪಡೆದ ದಾದಿಯೂ ಇದನ್ನು ಮಾಡಬಹುದು. ಫಲಿತಾಂಶ ಅಲ್ಲಿಯೇ ತಿಳಿಯುತ್ತದೆ. ಆದರೆ ನಿರ್ಣಯವು ನೋಡುವವರ ಕಣ್ಣನ್ನು ನೆಚ್ಚಿಕೊಂಡಿದೆ. ಮುಟ್ಟು ನಿಂತವರಲ್ಲಿ ಪರೀಕ್ಷಿಸಬೇಕಾದ ಭಾಗವು ಒಳಕ್ಕೆ ಸರಿಯುವುದರಿಂದ ಇದರ ಉಪಯೋಗ ಕಡಿಮೆ. ಭಾರತ ಸರ್ಕಾರದ 2016ರ ಮಾರ್ಗಸೂಚಿಯು 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನೇ ಸೂಚಿಸುತ್ತದೆ.

ಎಚ್‌ಪಿವಿ ಡಿಎನ್‌ಎ ಪರೀಕ್ಷೆಯು ವೈರಸನ್ನೇ ಹುಡುಕುತ್ತದೆ. ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದಾದುದರಿಂದ ಸಂಕೋಚದ ಅಡ್ಡಿ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿ, 30ನೇ ವಯಸ್ಸಿನಿಂದ ಐದರಿಂದ ಹತ್ತು ವರ್ಷಕ್ಕೊಮ್ಮೆ ಸಾಕು ಎಂದಿತು. ವೆಚ್ಚವೇ ಇದರ ಮುಖ್ಯ ತೊಡಕು.

ಭಾರತದ ಅಧ್ಯಯನಗಳು

ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ, ಆಗ ಉಸ್ಮಾನಾಬಾದ್ ಎಂದು ಕರೆಯಲಾಗುತ್ತಿದ್ದ ಜಿಲ್ಲೆಯಲ್ಲಿ 1.31 ಲಕ್ಷ ಗ್ರಾಮೀಣ ಮಹಿಳೆಯರ ಮೇಲೆ ಮೂರೂ ವಿಧಾನಗಳನ್ನು ಹೋಲಿಸಲಾಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವುಗಳು ಅರ್ಧದಷ್ಟು ಇಳಿದವು; ಉಳಿದೆರಡು ವಿಧಾನಗಳಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತೆಯರು ಕೊಳೆಗೇರಿಗಳಲ್ಲಿ ಅಸಿಟಿಕ್ ಆಮ್ಲ ಪರೀಕ್ಷೆಯನ್ನು ಎರಡು ವರ್ಷಕ್ಕೊಮ್ಮೆ ನಾಲ್ಕು ಬಾರಿ ನಡೆಸಿದಾಗ ಸಾವುಗಳು ಶೇ. 31ರಷ್ಟು ತಗ್ಗಿದವು. ಎರಡರಲ್ಲಿ ವಿರೋಧವಿದೆ ಎನ್ನಲಾಗದು. ದುರ್ಬಲ ಪರೀಕ್ಷೆಯೂ ಮತ್ತೆ ಮತ್ತೆ ನಡೆದರೆ ಫಲ ನೀಡಬಲ್ಲದು.

ಮಲೆನಾಡಿನ ಸನ್ನಿವೇಶ

ಈ ಮೂರು ತಾಲೂಕುಗಳಲ್ಲಿ ಮನೆಗಳು ಅಡಿಕೆ ತೋಟ, ಕಾಡುಗಳ ನಡುವೆ ಚದುರಿಕೊಂಡಿವೆ. ಮಳೆಗಾಲದಲ್ಲಿ ಓಡಾಟ ಕಷ್ಟ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ನೇರ ದಾರಿಯಲ್ಲಿ ಸಾಗರಕ್ಕೆ ಬರಲು ಲಾಂಚನ್ನೇ ಹತ್ತಬೇಕಿತ್ತು. ತಾಲೂಕು ಆಸ್ಪತ್ರೆಗಳ ಮೇಲಿನ ಹಂತವೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಅಥವಾ ಘಟ್ಟದ ಕೆಳಗಿನ ಮಣಿಪಾಲ. ಪರೀಕ್ಷೆಗೊಮ್ಮೆ, ವರದಿಗೊಮ್ಮೆ, ಕಾಲ್ಪೊಸ್ಕೋಪಿಗೊಮ್ಮೆ, ಚಿಕಿತ್ಸೆಗೊಮ್ಮೆ ಎಂದು ನಾಲ್ಕು ಸಲ ಬರಬೇಕಾದಾಗ ಕೂಲಿ ಮತ್ತು ಮನೆಗೆಲಸ ಬಿಟ್ಟು ಬರುವವರು ನಡುವೆಯೇ ನಿಂತುಬಿಡುವ ಸಂಭವ ಹೆಚ್ಚು.

ಆದ್ದರಿಂದ ಇಂತಹ ಪ್ರದೇಶಗಳಿಗೆ ‘ನೋಡಿ, ಚಿಕಿತ್ಸೆ ನೀಡುವ’ ಕ್ರಮ ಹೊಂದುತ್ತದೆ. ಬಿಳಿ ಕಲೆ ಕಂಡ ದಿನವೇ, ಕಲೆ ಚಿಕ್ಕದಾಗಿದ್ದು ಕ್ಯಾನ್ಸರಿನ ಶಂಕೆ ಇಲ್ಲದಿದ್ದರೆ, ಅತಿ ಶೀತಲ ಅನಿಲದಿಂದ ಅಥವಾ ಬಿಸಿ ಸಲಾಕೆಯಿಂದ ಆ ಭಾಗವನ್ನು ನಾಶಪಡಿಸಬಹುದು. ಇದಕ್ಕೆ ಕೆಲವೇ ನಿಮಿಷ ಸಾಕು. ದೊಡ್ಡ ಕಲೆ ಅಥವಾ ಶಂಕೆಯಿದ್ದವರನ್ನು ಮಾತ್ರ ಮೇಲಿನ ಆಸ್ಪತ್ರೆಗೆ ಕಳುಹಿಸಲಾಗುತ್ತದೆ.

ಮಿತಿಗಳು

ಲೈಂಗಿಕ ಸಂಪರ್ಕದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು ಇದ್ದವರಿಗೆ ತಪಾಸಣಾ ಶಿಬಿರ ಸಾಲದು. ಅವರು ನೇರವಾಗಿ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಎಚ್‌ಪಿವಿ ಲಸಿಕೆಯು ವೈರಸ್‌ನ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲವಾದ್ದರಿಂದ, ಲಸಿಕೆ ಪಡೆದವರಿಗೂ ತಪಾಸಣೆ ಅಗತ್ಯ.