ಬಿಸಿಲಿಗೆ ಬಿಟ್ಟ ಚಪ್ಪರ

ವಿಜಯಪುರ ಸೀಮೆಯಲ್ಲಿ ಏಪ್ರಿಲ್ ಎಂದರೆ ನೆರಳಿಗಾಗಿ ಜೀವ ಬಾಯಿಬಿಡುವ ತಿಂಗಳು. ಅಂಥ ಹೊತ್ತಿನಲ್ಲೇ ತಿಕೋಟಾ ಕಡೆಯ ಈ ಮನೆಯ ಕಾಕಾ ಸ್ಟೂಲು ಹತ್ತಿ, ಅಂಗಳಕ್ಕೆಲ್ಲ ತಂಪು ಹಾಸಿದ್ದ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಬಳ್ಳಿಯನ್ನು ಕಚಕಚನೆ ಕತ್ತರಿಸುತ್ತಿದ್ದಾರೆ. ಕೆಳಗೆ ಎಲೆಯ ರಾಶಿ. ಕಟ್ಟಿದ ಆಡು ಹಗ್ಗ ಜಗ್ಗಿ ಅತ್ತಲೇ ಹೊರಟಿದೆ.

"ಇನ್ನೊಂದು ತಿಂಗಳು ತಡದಿದ್ರ ಏನಾಗ್ತಿತ್ರಿ? ಕುಂತು ಹಪ್ಪಳ ಲಟ್ಟಿಸಾಕ ನೆಳ್ಳರ ಇರ್ತಿತ್ತು," ಕಾಕು ತಕರಾರು ತೆಗೆದರು.

"ಈಗ ಚಾಟ್ನಿ ಮಾಡ್ಲಿಲ್ಲಂದ್ರ ಮುಂದ ಬರೇ ಎಲಿ ತಿನ್ನಬೇಕ ನೋಡು."

ಸುಳ್ಳಲ್ಲ. ಚಳಿ ದೇಶಗಳಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿಗೆ ನಮ್ಮಲ್ಲಿ ನಿದ್ದೆಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು: ಏಪ್ರಿಲ್‌ನದು ಕಡ್ಡಿಗೆ, ಅಕ್ಟೋಬರಿನದು ಹಣ್ಣಿಗೆ. ಈಗ ಒಂದೆರಡು ಕಣ್ಣು ಬಿಟ್ಟು ಕತ್ತರಿಸಿದಲ್ಲಿ ಹೊಸ ಕಡ್ಡಿ ಬರುತ್ತದೆ. ಒಂದೂವರೆ-ಎರಡು ತಿಂಗಳಲ್ಲಿ ಅದರ ಕಣ್ಣುಗಳೊಳಗೆ ಬರುವ ವರ್ಷದ ಗೊನೆ ಮೂಡಬೇಕು. ಮೂಡಬೇಕಾದರೆ ಮೈಮೇಲೆ ಬಿಸಿಲು ಬೀಳಬೇಕು. ಮನೆಯ ಬಳ್ಳಿ ಹಣ್ಣು ಬಿಡಲಿಲ್ಲ ಎಂದು ಕೊರಗುವವರು ಬಹಳಷ್ಟು ಸಲ ನೀರು-ಗೊಬ್ಬರಕ್ಕೆ ಕಡಿಮೆ ಮಾಡಿರುವುದಿಲ್ಲ, ಕತ್ತರಿಗೆ ಹೆದರಿರುತ್ತಾರೆ.

ಅಕ್ಟೋಬರಿಗೆ ಕಡ್ಡಿ ಪೆನ್ಸಿಲ್ ಗಾತ್ರಕ್ಕೆ ಬಂದು ಕಂದಾಗಿರುತ್ತದೆ. ಆರೇಳು ಕಣ್ಣು ಎಣಿಸಿ ಕಾಕಾ ಮತ್ತೆ ಕತ್ತರಿ ಆಡಿಸುತ್ತಾರೆ. ಚಿಗುರಿನ ಜೊತೆಗೇ ಪುಟ್ಟ ಗೊನೆಯೂ ಇಣುಕುತ್ತದೆ. ಹಿಂಗಾರು ಮಳೆ ಹಿಡಿದರೆ ಮಾತ್ರ ಫಜೀತಿ: ಎಲೆ ಮೇಲೆ ಹಳದಿ ಎಣ್ಣೆ ಮಚ್ಚೆ, ಮಗುಚಿದರೆ ಬಿಳಿ ಬೂಜು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಮೊದಲೇ ಸಿಂಪಡಿಸಿದವರಿಗೆ ಅಷ್ಟು ಚಿಂತೆಯಿಲ್ಲ.

ಫೆಬ್ರವರಿ ಮುಗಿಯುವಷ್ಟರಲ್ಲಿ ಹಸಿರು ಕಾಳು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಸಂತೆಯ ದ್ರಾಕ್ಷಿಯ ಮುಂದೆ ಇದು ಗಿಡ್ಡ. ಈ ತಳಿಯಲ್ಲಿ ಕಾಯಿ ಕಟ್ಟುತ್ತದೆ, ಬೀಜ ಮಾತ್ರ ಬೆಳೆಯುವ ಮೊದಲೇ ಬತ್ತಿಹೋಗುತ್ತದೆ. ಕಾಳನ್ನು ಉಬ್ಬಿಸುವ ಸತ್ವ ಒದಗಿಸಬೇಕಾದದ್ದು ಆ ಬೀಜವೇ. ಅದರ ಕೊರತೆ ತುಂಬಲೆಂದೇ ತೋಟದವರು ಗೊನೆಗಳನ್ನು ಜಿಬ್ಬರೆಲಿಕ್ ಆಮ್ಲದ ನೀರಿನಲ್ಲಿ ಅದ್ದುತ್ತಾರೆ. ಕಾಕಾನಿಗೂ ಒಮ್ಮೆ ಅದ್ದಿ ನೋಡುವ ಚಪಲ.

"ಮಾರಾಕ ಒಯ್ಯಾವ್ರೇನ್ರಿ ನೀವು? ಸಣ್ಣದಿದ್ರೂ ಸಕ್ಕರಿ ಅದ," ಎನ್ನುತ್ತ ಕಾಕು ಹಕ್ಕಿ ಕಾಟಕ್ಕೆ ಹಳೆ ಸೀರೆ ಹೊದಿಸುತ್ತಾರೆ. ದೊಡ್ಡ ಗೊನೆಗಳೆಲ್ಲ ಮಗಳ ಮನೆಗೆ. ಉದುರಿದ್ದು ಮಾಳಿಗೆ ಮೇಲೆ, ಮಣೂಕಕ್ಕೆ.